ಹುಳ ಒಂದು, ಅದರ ಜೋಡಿ ಒಂದು

ಮ್ಯೂಸಿಯಂ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಜಿಲ್ಲೆಯ ಊರಿನ ಒಂದು ಸಣ್ಣ ಕಾಲೇಜು, ಅದರ ಪ್ರಾಣಿಶಾಸ್ತ್ರದ ತರಗತಿಯ ಹಿಂದೆ ಮೊದಲು ಮುರಿದ ಬೆಂಚುಗಳನ್ನು ತುಂಬಿಡುತ್ತಿದ್ದ ಓಣಿಯಂಥ ಕೋಣೆ. ಇದ್ದದ್ದು ಒಂದೇ ಕಿಟಕಿ. ತೆರೆದರೆ ಎರಡು ಮೊಳ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಆಚೆ ಈಚೆ ಕಪಾಟು, ಕಪಾಟಿನ ತುಂಬ ಗಾಜಿನ ಭರಣಿ, ಭರಣಿಗಳಲ್ಲಿ ಸ್ಪಿರಿಟ್, ಸ್ಪಿರಿಟ್ಟಿನಲ್ಲಿ ಹಾವುಗಳು. ಐವತ್ತರ ದಶಕದ ಆರಂಭದಲ್ಲಿ ನಾನು ಅಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದೆ. ಇಂಡಿ ತಾಲೂಕಿನ ಹಳ್ಳಿಯಿಂದ ಬಂದವನಿಗೆ ಅದೇ ದೊಡ್ಡ ನೌಕರಿ. ಕಾಯಂ ಮಾಡುತ್ತೇವೆ ಎಂದರು. ಪ್ರತಿ ವರ್ಷವೂ ಎಂದರು. ಹತ್ತು ವರ್ಷದ ಮೇಲೂ ನಾನು ಹಂಗಾಮಿ ನೌಕರನೇ. ನನ್ನ ಬಟ್ಟೆಗೆ ಹತ್ತಿದ ಸ್ಪಿರಿಟ್ ವಾಸನೆಗೆ ಹೆಂಡತಿ ಮೊದಮೊದಲು ಮೂಗು ಮುಚ್ಚುತ್ತಿದ್ದಳು, ಆಮೇಲೆ ಅವಳಿಗೂ ರೂಢಿಯಾಯಿತು.

ಆ ಕೋಣೆಯಲ್ಲಿ ನಾನು ಮಾಡಿದ ಒಂದು ತಪ್ಪಿನಿಂದ ಸಿಂದಗಿ ತಾಲೂಕಿನ ಕಂಪೌಂಡರ್ ಒಬ್ಬರು ಹೆಣ್ಣುಮಗಳನ್ನು ಕೊಂದವರು ಅನ್ನಿಸಿಕೊಂಡರು. ತಪ್ಪು ಗೊತ್ತಾದ ಮೇಲೂ ನಾನು ಬಹಳ ದಿನ ಬಾಯಿ ಬಿಡಲಿಲ್ಲ. ಆ ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡವರು ಇಲ್ಲಿಗೇ ನಿಲ್ಲಿಸಬಹುದು.

ನಮ್ಮ ಕಡೆ ಮನೆಗಳಲ್ಲಿ ಹಾವನ್ನು ಹಾವು ಎನ್ನುವುದಿಲ್ಲ, ಹುಳ ಎನ್ನುತ್ತಾರೆ. ಹೆಸರು ಹಿಡಿದು ಕರೆದರೆ ಬಂದೇಬಿಡುತ್ತದೆ ಎಂಬ ಅಂಜಿಕೆ. ಕಚ್ಚಿತು ಎನ್ನುವುದೂ ಇಲ್ಲ, "ಹುಳ ಮುಟ್ಟೈತಿ" ಎನ್ನುತ್ತಾರೆ. ಇನ್ನೊಂದು ನಂಬಿಕೆ ಜೋಡಿಯದು. ಯಾವ ಹುಳವೂ ಒಂಟಿಯಲ್ಲ, ಒಂದನ್ನು ಹೊಡೆದರೆ ಅದರ ಜೋಡಿ ಹುಡುಕಿಕೊಂಡು ಬಂದು ಸೇಡು ತೀರಿಸಿಕೊಳ್ಳುತ್ತದೆ. ಆದ್ದರಿಂದ ಒಂದು ಸತ್ತ ಕೂಡಲೇ ಗಂಡಸರು ಗೋಡೆಯ ಬಿರುಕು ಕೆದರಿ, ಜೋಳದ ಚೀಲ ಸರಿಸಿ, ಮಾಳಿಗೆಯ ಜಂತಿ ಬಡಿದು ಇನ್ನೊಂದನ್ನು ಹುಡುಕುತ್ತಾರೆ. ಅದು ಸಿಗುವವರೆಗೆ ಒಲೆ ಹಚ್ಚಲು ಯಾರೂ ಒಳಗೆ ಹೋಗುವುದಿಲ್ಲ. ನಮ್ಮ ಮಣ್ಣಿನ ಮನೆಗಳಲ್ಲಿ ಅಷ್ಟು ಹುಡುಕಿದರೆ ಯಾವುದೋ ಒಂದು ಹಾವು ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದೇ ಜೋಡಿ.

ಕಾಲೇಜು ಕಲಿತ ಸೊಕ್ಕಿನಲ್ಲಿ ನಾನು ಅವ್ವನನ್ನು ಕಾಡುತ್ತಿದ್ದೆ. "ಹುಳಕ್ಕೇನು ಮದವಿ ಮಾಡಿರ್ತಾರೇನವ್ವಾ, ಜೋಡಿ ಜೋಡಿ ಇರಾಕ?"

"ನೀ ಭಾಳ ಕಲ್ತಿ," ಅನ್ನುತ್ತಿದ್ದಳು ಅವ್ವ. "ಅದಕ ಹೇಳಾಕತ್ತೇನಿ, ಕಾಲಾಗ ಕಾಲ್ಮರಿ ಹಾಕ್ಕೊಂಡ ತಿರುಗು."

ನನಗೆ ಜೋಡಿಯ ನಂಬಿಕೆ ಇಲ್ಲ ಎಂದೇ ನಾನು ತಿಳಿದಿದ್ದೆ. ಇಲ್ಲದ ನಂಬಿಕೆ ಮನುಷ್ಯನ ಕೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

ಅರವತ್ತರ ದಶಕ ಶುರುವಾದ ಹೊಸತರಲ್ಲಿ ಒಂದು ಬೇಸಿಗೆ ರಜೆಗೆ ಮುಂಚೆ ದೊಡ್ಡ ಪಟ್ಟಣದ ಮ್ಯೂಸಿಯಂ ಒಂದರಿಂದ ಪತ್ರ ಬಂತು. ನಮ್ಮ ವಿಭಾಗದ ಮುಖ್ಯಸ್ಥರು ಹಿಂದೊಮ್ಮೆ ಜಿಲ್ಲೆಯ ಹಾವುಗಳ ಪಟ್ಟಿ ಮಾಡಿ ಅವರಿಗೆ ಕಳಿಸಿದ್ದರು. ಯಾವ ತಾಲೂಕಿನಲ್ಲಿ ಯಾವ ಹಾವು, ನಮ್ಮ ಯಾವ ಭರಣಿಯಲ್ಲಿ ಅದರ ಸಾಕ್ಷಿ ಎಂಬ ಪಟ್ಟಿ. ಅದನ್ನು ಓದಿದ ಯಾರೋ ಕಣ್ಣು ಚುರುಕಿದ್ದವರು ಕೇಳಿದ್ದರು: ಕಟ್ಟುಹಾವು ಇಂಡಿಯಲ್ಲಿದೆ, ಮುದ್ದೇಬಿಹಾಳದಲ್ಲಿದೆ, ಬಸವನ ಬಾಗೇವಾಡಿಯಲ್ಲಿದೆ, ನಡುವಿನ ಸಿಂದಗಿಯಲ್ಲಿ ಮಾತ್ರ ಒಂದೂ ಇಲ್ಲವೇ? ಅಲ್ಲಿ ತೋಳಹಾವು ಎರಡು ಎಂದಿದೆ. ದಯವಿಟ್ಟು ಭರಣಿಗಳನ್ನು ತೆರೆದು ಪಟ್ಟಿಯನ್ನೆಲ್ಲ ಇನ್ನೊಮ್ಮೆ ನೋಡಿ.

ಈ ಎರಡು ಹಾವಿನ ವಿಷಯ ಸ್ವಲ್ಪ ಹೇಳಬೇಕು. ಎರಡಕ್ಕೂ ಕಪ್ಪಗಿನ ಮೈ, ಮೈಮೇಲೆ ಬಿಳಿ ಪಟ್ಟಿ. ಎರಡೂ ಮನೆಯೊಳಗೆ ಬರುತ್ತವೆ. ತೋಳಹಾವಿಗೆ ಹಲ್ಲಿನಿಂದ ಆ ಹೆಸರು ಬಂದಿದೆಯೇ ಹೊರತು ವಿಷವಿಲ್ಲ, ಕಚ್ಚಿದರೆ ತೊಳೆದುಕೊಂಡು ಕೆಲಸಕ್ಕೆ ಹೋಗಬಹುದು. ಕಟ್ಟುಹಾವು ಕಚ್ಚಿದ್ದು ಎಷ್ಟೋ ಸಲ ನೋಯುವುದೂ ಇಲ್ಲ, ಆದರೆ ಮನುಷ್ಯ ಉಳಿಯುವುದು ಅಪರೂಪ. ಗುರುತು ಹಿಡಿಯುವುದು ಕಷ್ಟವೇನಲ್ಲ. ಕಟ್ಟುಹಾವಿನ ಬೆನ್ನಿನ ನಡುಸಾಲಿನ ಹುರುಪೆಗಳು ಅಕ್ಕಪಕ್ಕದವುಗಳಿಗಿಂತ ದೊಡ್ಡವು, ಆರು ಮೂಲೆಯವು. ತೋಳಹಾವಿನ ಬೆನ್ನಿನಲ್ಲಿ ಎಲ್ಲವೂ ಒಂದೇ ಅಳತೆ. ಎರಡನೇ ವರ್ಷದ ವಿದ್ಯಾರ್ಥಿ ಕೂಡ ಬೆರಳಿಟ್ಟು ತೋರಿಸುತ್ತಾನೆ. ನಾನೇ ಅವರಿಗೆ ಕಲಿಸುತ್ತಿದ್ದೆ.

ರಜೆಯಲ್ಲಿ ಎಲ್ಲರೂ ಊರಿಗೆ ಹೋದರು. ನಾನು ಕೋಣೆಯೊಳಗೆ ಹೊಕ್ಕೆ. ಬಿಸಿಲಿಗೆ ಕಾದ ಗೋಡೆ, ಕಣ್ಣಿಗೆ ಹೊಡೆಯುವ ಸ್ಪಿರಿಟ್ಟು. ಒಂದೊಂದೇ ಭರಣಿ ಇಳಿಸಿ ಹಾವನ್ನು ತಟ್ಟೆಗೆ ಸುರಿದುಕೊಂಡು, ಭೂತಗನ್ನಡಿ ಹಿಡಿದು ಹುರುಪೆ ಎಣಿಸುವ ಕೆಲಸ. ಮುದ್ದೇಬಿಹಾಳದ ಕೊಳಕುಮಂಡಲ ಎಂದು ಚೀಟಿ ಇದ್ದ ಭರಣಿಯಲ್ಲಿ ಬಡಪಾಯಿ ಮಣ್ಣುಮುಕ್ಕ ಕುಳಿತಿತ್ತು. ಮನಗೂಳಿಯಿಂದ ಬಂದ ಗರಗಸ ಮಂಡಲ ನೋಡಿದರೆ ಬೆಕ್ಕುಹಾವು. ಅಣೆಕಟ್ಟಿನ ನೀರು ಬರುವ ಮುಂಚೆ ಹೊಳೆಯ ದಂಡೆಯ ಮೇಲೇ ಇದ್ದ ಕೊಲ್ಹಾರದಿಂದ ಮೀನುಗಾರರು ಕಳಿಸಿದ್ದ ನಾಗರ ಮರಿ ಶುದ್ಧ ನೀರುಹಾವು. ಹಳೆಯ ಚೀಟಿಗಳಲ್ಲಿ ಅರ್ಧ ಮುಖ್ಯಸ್ಥರವು, ಅರ್ಧ ನನ್ನವು. ನನ್ನವು ದೂರದಿಂದಲೇ ಗೊತ್ತಾಗುತ್ತಿದ್ದವು. ತೋ, ಜೋ ಬರೆಯುವಾಗ ನನ್ನ ದೀರ್ಘದ ಗೀಟು ಸಾಲಿನಿಂದ ಕೆಳಗಿಳಿದು ಸುತ್ತಿಕೊಳ್ಳುತ್ತದೆ. ಸಾಲಿ ಮಾಸ್ತರರ ಎಷ್ಟು ಪೆಟ್ಟು ತಿಂದರೂ ಹೋಗದ ಚಟ ಅದು.

ಮ್ಯೂಸಿಯಂ ಕೆಲಸದಲ್ಲಿ ಒಂದು ನಿಯಮವಿದೆ. ಹಳೆಯ ಚೀಟಿ ಎಷ್ಟೇ ತಪ್ಪಾಗಿರಲಿ, ಹರಿಯಬಾರದು, ತೆಗೆಯಬಾರದು. ಸರಿಯಾದ ಹೆಸರನ್ನು ಬೇರೆ ಚೀಟಿಯಲ್ಲಿ ಬರೆದು ಅದರ ಪಕ್ಕಕ್ಕೆ ಹಾಕಬೇಕು. ಯಾರು ಏನೆಂದು ತಿಳಿದಿದ್ದರು, ಆಮೇಲೆ ಯಾರು ತಿದ್ದಿದರು ಎಂಬುದು ಮುಂದಿನವರಿಗೆ ಕಾಣಬೇಕು. ಒಳ್ಳೆಯ ನಿಯಮ. ಬೇರೆಯವರ ತಪ್ಪಿನ ಪಕ್ಕಕ್ಕೆ ಚೀಟಿ ಹಾಕುವಾಗ ಇನ್ನೂ ಒಳ್ಳೆಯದು.

ಎರಡನೇ ವಾರ ಸಿಂದಗಿಯ ಭರಣಿ ಇಳಿಸಿದೆ. ಎರಡು ಹಾವು ಒಂದಕ್ಕೊಂದು ಸುತ್ತಿಕೊಂಡು ಕುಳಿತಿದ್ದವು. ಮೇಲೆ ನನ್ನ ಅಕ್ಷರದ ಚೀಟಿ, ಅದರಡಿಯಲ್ಲಿ ಮಡಚಿದ ಇನ್ನೊಂದು ಹಾಳೆ. ಬಿಡಿಸಿದೆ. ಸೀಸದ ಕಡ್ಡಿಯಿಂದ ನೀಟಾಗಿ ಬರೆದಿತ್ತು: "ಹುಳ ಒಂದು, ಅದರ ಜೋಡಿ ಒಂದು. ದಾರ ಕಟ್ಟಿದ್ದು ಹೆಣ್ಣುಮಗಳಿಗೆ ಮುಟ್ಟಿದ ಹುಳ. ಇನ್ನೊಂದನ್ನು ಮನೆಯವರು ಮಾಳಿಗೆಯಲ್ಲಿ ಹೊಡೆದರು."

ಎರಡನ್ನೂ ತಟ್ಟೆಯಲ್ಲಿ ನೆಟ್ಟಗೆ ಮಾಡಿದೆ. ಒಂದು ಇಡಿಯಾಗಿತ್ತು, ತೋಳಹಾವು, ಸಂಶಯವಿಲ್ಲ. ಇನ್ನೊಂದರ ತಲೆ ಜಜ್ಜಿಹೋಗಿತ್ತು. ಅದರ ಕುತ್ತಿಗೆಗೆ ದವಾಖಾನೆಯ ಹೊಲಿಗೆ ದಾರ, ಗಾಯಕ್ಕೆ ಹಾಕುವ ಬಿಗಿಯಾದ ಜೋಡುಗಂಟು. ಭೂತಗನ್ನಡಿ ಹಿಡಿದೆ. ಬೆನ್ನಿನ ನಡುಸಾಲಿನ ಹುರುಪೆಗಳು ದೊಡ್ಡವು, ಆರು ಮೂಲೆಯವು. ಕುತ್ತಿಗೆಯಿಂದ ಬಾಲದವರೆಗೂ ಹಾಗೇ. ನಾನು ಮೂರು ಸಲ ನೋಡಿದೆ.

ಅದೇ ಹೊತ್ತಿಗೆ ಹೊರಗೆ ಅಗಳಿ ಬಿದ್ದ ಸದ್ದಾಯಿತು. ನಮ್ಮ ಮುದಿ ಶಿಪಾಯಿಗೆ ಕಿವಿ ಮಂದ. ಒಳಗೆ ಯಾರೂ ಇಲ್ಲವೆಂದು ತಿಳಿದು ಬಾಗಿಲು ಹಾಕಿಕೊಂಡು ಊಟಕ್ಕೆ ಹೋಗಿಬಿಟ್ಟಿದ್ದ. ಬಾಗಿಲು ಬಡಿದು ಕೂಗಿದ್ದರೆ ಹೊರಗಿನ ಮಾಲಿಯಾದರೂ ಬರುತ್ತಿದ್ದ. ನಾನು ಕೂಗಲಿಲ್ಲ. ಆ ಎರಡು ತಾಸು ಸ್ಟೂಲಿನ ಮೇಲೆ ಕುಳಿತು ತಟ್ಟೆಯನ್ನು ನೋಡುತ್ತಿದ್ದೆ. ಬಾಗಿಲು ತೆರೆದರೆ ಈ ಸುದ್ದಿಯನ್ನು ಹೊತ್ತುಕೊಂಡು ಎಲ್ಲಿಗಾದರೂ ಹೋಗಬೇಕಾಗುತ್ತದೆ ಎಂದು ಹೆದರಿದ್ದೆ. ಮುಚ್ಚಿದ ಬಾಗಿಲೇ ಸದ್ಯಕ್ಕೆ ವಾಸಿ ಅನ್ನಿಸಿತು.

ಏಳು ವರ್ಷದ ಹಿಂದಿನ ಮಳೆಗಾಲ ಅದು. ಸಿಂದಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಎರಡು ಮಕ್ಕಳ ತಾಯಿ ಬೆಳಗ್ಗೆ ಏಳುವಾಗಲೇ ಹೊಟ್ಟೆನೋವು ಎಂದಳು. ಹಾಸಿಗೆಯಡಿ ಹುಳ ಕಂಡಿತು. ಗಂಡ ಅದರ ತಲೆ ಜಜ್ಜಿ ಕೊಂದ, ಹೆಂಡತಿಯನ್ನು ಬಂಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ತಂದ. ಡಾಕ್ಟರರು ಬೇರೆ ಹಳ್ಳಿಗೆ ಹೋಗಿದ್ದರು. ಇದ್ದವರು ಕಂಪೌಂಡರ್ ಒಬ್ಬರೇ. ಅವರು ಹಾವನ್ನು ನೋಡಿದರು, ಆಕೆಯ ರೆಪ್ಪೆಗಳು ಎತ್ತಲಾಗದೆ ಇಳಿಯುತ್ತಿದ್ದುದನ್ನೂ ನೋಡಿದರು. ಡಾಕ್ಟರರ ಅಪ್ಪಣೆಗೆ ಕಾಯದೆ ತಾವೇ ವಿಷದ ಮದ್ದಿನ ಸೂಜಿ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಆಕೆ ತೀರಿಕೊಂಡಳು. ಅಷ್ಟರಲ್ಲಿ ಮನೆಯ ಗಂಡಸರು ಮಾಳಿಗೆಯಲ್ಲಿ ಇನ್ನೊಂದು ಹಾವನ್ನು ಕೊಂದು, ಜೋಡಿ ಸಿಕ್ಕಿತು ಎಂದು ಅದನ್ನೂ ತಂದಿದ್ದರು.

ಮಾತಾಡುತ್ತ ಬಂದವಳು ಸೂಜಿ ಮಾಡಿದ ಮೇಲೆ ಸತ್ತಳು ಎಂದು ಮನೆಯವರು ಗಲಾಟೆ ಮಾಡಿದರು. ಕುದುರೆಯ ರಕ್ತದಿಂದ ಮಾಡಿದ ಆ ಮದ್ದು ಕೆಲವರ ಮೈಗೆ ಒಗ್ಗದೆ ಪ್ರಾಣ ತೆಗೆಯುವುದುಂಟು, ವಿಚಾರಣೆಗೆ ಬಂದವರಿಗೂ ಅದು ಗೊತ್ತಿತ್ತು. ಹಾವು ವಿಷದ್ದೋ ಅಲ್ಲವೋ ಎಂಬುದೇ ಪ್ರಶ್ನೆಯಾಯಿತು. ಕಂಪೌಂಡರ್ ಎರಡೂ ಹಾವುಗಳನ್ನು ಹಾಲಿನ ಪುಡಿಯ ಡಬ್ಬಿಯಲ್ಲಿ ಸ್ಪಿರಿಟ್ ಹಾಕಿ ನಮ್ಮ ಕಾಲೇಜಿಗೆ ಕಳಿಸಿದರು. ಕಚ್ಚಿದ್ದಕ್ಕೆ ದಾರ ಕಟ್ಟಿ, ಚೀಟಿ ಬರೆದು, ಮಾಡಬೇಕಾದ್ದನ್ನೆಲ್ಲ ಮಾಡಿ ಕಳಿಸಿದ್ದರು.

ಡಬ್ಬಿ ಬಿಚ್ಚಿದವನು ನಾನು. ಒಂದರ ತಲೆ ಜಜ್ಜಿತ್ತು, ಇನ್ನೊಂದು ಇಡಿಯಾಗಿತ್ತು. ಚೀಟಿಯಲ್ಲಿ ಜೋಡಿ ಎಂದಿತ್ತು. ಹುಟ್ಟಿದಾಗಿನಿಂದ ಕೇಳಿದ ಶಬ್ದ, ಓದಿದ ಕೂಡಲೇ ಎರಡೂ ಒಂದೇ ಜಾತಿ ಎಂದು ಮನಸ್ಸು ಒಪ್ಪಿಬಿಟ್ಟಿತು. ಜೋಡಿ ಎಂದ ಮೇಲೆ ಗಂಡು ಹೆಣ್ಣು ಒಂದೇ ಜಾತಿಯವಲ್ಲವೇ? ಇಡಿಯಾಗಿದ್ದುದನ್ನು ಚೆನ್ನಾಗಿ ನೋಡಿದೆ, ಜಜ್ಜಿದ್ದನ್ನು ಸುತ್ತಿ ಹಾಗೇ ಒಳಗಿಟ್ಟೆ. ಬೇರೆ ಸೀಮೆಯ ಯಾವನಾದರೂ ಆಗಿದ್ದರೆ ಆ ಶಬ್ದ ಅರ್ಥವಾಗದೆ ಎರಡನ್ನೂ ಬಿಡಿಸಿ ನೋಡುತ್ತಿದ್ದ. "ಎರಡೂ ತೋಳಹಾವು, ಒಂದೇ ಜೋಡಿ, ವಿಷವಿಲ್ಲದವು" ಎಂದು ನಾನು ಪತ್ರ ಬರೆದೆ. ವಿಚಾರಣೆಯವರಿಗೊಂದು, ಡಬ್ಬಿ ಕಳಿಸಿದ ಕಂಪೌಂಡರರಿಗೊಂದು, ಎರಡೂ ಪ್ರತಿಗೆ ಮುಖ್ಯಸ್ಥರು ಸಹಿ ಹಾಕಿದರು. ಆ ಪತ್ರದ ಮೇಲೆ ಕಂಪೌಂಡರರನ್ನು ಕೆಲಸದಿಂದ ತೆಗೆದರು. ನನಗೆ ಅಷ್ಟು ಸುದ್ದಿ ಬಂದಿತ್ತು. ಓದು ಬಾರದವನು ಸೂಜಿ ಹಿಡಿದರೆ ಇನ್ನೇನಾಗುತ್ತದೆ ಎಂದು ಆಗ ನಾನೇ ಯಾರ ಮುಂದೆಯೋ ಅಂದಿದ್ದೆ.

ಇನ್ನೊಂದು ಮಾತು. ಕಟ್ಟುಹಾವು ಬೇರೆ ಹಾವುಗಳನ್ನು ತಿನ್ನುತ್ತದೆ. ಮನೆಯವರು ಜೋಡಿ ಎಂದು ಬಡಿದದ್ದು ಬಹುಶಃ ಅದರ ಊಟವಾಗಿತ್ತು.

ಮರುದಿನ ಮುಖ್ಯಸ್ಥರ ಮನೆಗೆ ಹೋದೆ. ಅವರು ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತ ನಾನು ಹೇಳಿದ್ದನ್ನು ಪೂರ್ತಿ ಕೇಳಿದರು.

"ಪಟ್ಟಿ ತಿದ್ದು," ಎಂದರು. "ಭರಣಿಗೆ ಹೊಸಾ ಚೀಟಿ ಹಾಕು. ಮ್ಯೂಸಿಯಮ್ಮಿಗೆ ಬರಿ. ಅವ್ರು ಅಷ್ಟ ಕೇಳ್ಯಾರ."

"ದವಾಖಾನಿಗೂ ಬರೀಬೇಕಲ್ರಿ ಸರ್."

"ದವಾಖಾನಿಯವ್ರು ಕೇಳ್ಯಾರೇನು?"

"ಕೇಳಿಲ್ರಿ. ಆದ್ರ ಆ ಕಂಪೌಂಡರ್—"

"ಅಂವ ಮುಂಬೈ ರಾಜ್ಯದ ನೌಕರ ಇದ್ದ. ಈಗ ನಾವು ಮೈಸೂರು ರಾಜ್ಯದಾಗ ಅದೀವಿ. ಆ ಫೈಲು ಎಲ್ಲಿ ಹುಡುಕ್ತಿ? ಪುಣೇದಾಗೋ, ಮುಂಬೈದಾಗೋ?" ಅವರು ಅಡಿಕೆ ಬಾಯಿಗೆ ಹಾಕಿಕೊಂಡರು. "ಆ ಪತ್ರದ ಮ್ಯಾಲ ನನ್ನ ಸಹಿ ಐತಿ. ನಾ ಇನ್ನ ಆರು ತಿಂಗಳಿಗೆ ನಿವೃತ್ತಿ ಆಗಾಂವ. ನಿನ್ನ ಕಾಯಂ ಮಾಡೂ ಕಾಗದನೂ ನನ್ನ ಮೇಜಿನ ಮ್ಯಾಲ ಐತಿ. ನೋಡು, ತಿಳದಾಂವ ಅದೀ."

ಅವರು ಕೆಟ್ಟವರಲ್ಲ. ನನಗೆ ಓದಲು ಪುಸ್ತಕ ಕೊಟ್ಟವರು, ನನ್ನ ಮಗಳಿಗೆ ಟೈಫಾಯ್ಡ್ ಆದಾಗ ರಜೆ ಬರೆಸಿದವರು. ಅದಕ್ಕೇ ಸಿಟ್ಟು ಯಾರ ಮೇಲೆ ಮಾಡಬೇಕೆಂದು ತಿಳಿಯಲಿಲ್ಲ. ಹೌದ್ರಿ ಎಂದು ಎದ್ದು ಬಂದೆ. ಪಟ್ಟಿ ತಿದ್ದಿದೆ: ಸಿಂದಗಿ, ಕಟ್ಟುಹಾವು ಒಂದು, ತೋಳಹಾವು ಒಂದು. ಭರಣಿಗೆ ಹೊಸ ಚೀಟಿ ಹಾಕಿದೆ. ನನ್ನ ತಪ್ಪಿನ ಅಕ್ಷರವೂ ತಿದ್ದಿದ ಅಕ್ಷರವೂ ಗಾಜಿನೊಳಗೆ ಅಕ್ಕಪಕ್ಕ ನಿಂತವು. ದೊಡ್ಡ ಮ್ಯೂಸಿಯಮ್ಮಿನವರು ಬಹಳ ಉಪಯೋಗವಾಯಿತು ಎಂದು ಕಾರ್ಡು ಬರೆದರು. ಹಾವುಗಳ ಲೆಕ್ಕ ಸರಿಹೋಯಿತು.

ನನಗೆ ಊಟ ಸೇರುತ್ತಿರಲಿಲ್ಲ. ಒಂದು ತಿಂಗಳ ನಂತರ, ಇಂಡಿಯ ಊರಿಗೆ ಹೋಗಿಬರುತ್ತೇನೆಂದು ಹೆಂಡತಿಗೆ ಹೇಳಿ ಸಿಂದಗಿಯ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನಲ್ಲಿ ಚಹಾದ ಅಂಗಡಿಯವನನ್ನು ಕೇಳಿದೆ, ದವಾಖಾನೆಯಲ್ಲಿದ್ದ ಹಳೆಯ ಕಂಪೌಂಡರ್ ಎಲ್ಲಿದ್ದಾರೆ ಎಂದು.

"ಸೂಜಿ ಸಾಹೇಬರೇನ್ರಿ?" ಎಂದು ಆತ ನಕ್ಕ. "ಪ್ಯಾಟ್ಯಾಗ ಗಾದಿ ತುಂಬೂ ಅಂಗಡಿ ಐತಿ ನೋಡ್ರಿ. ಈಗೂ ಸೂಜಿನ ಹಿಡದಾರ. ಆದ್ರ ಗಾದಿಗೆ ಚುಚ್ಚಿದ್ರ ಯಾರೂ ಸಾಯೂದಿಲ್ಲ."

ತಲೆತಲಾಂತರದಿಂದ ಅರಳೆ ಹಿಂಜಿ ಗಾದಿ ಹೊಲಿಯುವ ಮುಸಲ್ಮಾನರ ಮನೆತನ ಅವರದು. ಆ ಮನೆಯಿಂದ ಓದಿ ದವಾಖಾನೆ ಸೇರಿದವರು ಅವರೊಬ್ಬರೇ ಆಗಿದ್ದರಂತೆ. ಕೆಲಸ ಹೋದ ಮೇಲೆ ಅಣ್ಣನ ಅಂಗಡಿಗೆ ಮರಳಿದ್ದರು. ನಾನು ಹೋದಾಗ ಗಾದಿಯ ಮೇಲೆ ಮಂಡಿಯೂರಿ ದೊಡ್ಡ ಸೂಜಿಯಿಂದ ಟಾಕು ಹಾಕುತ್ತಿದ್ದರು. ನರೆತ ಗಡ್ಡದಲ್ಲೆಲ್ಲ ಅರಳೆಯ ಎಳೆ. ಬೆರಳುಗಳು ಉದ್ದ, ಕೆಲಸ ಚೊಕ್ಕಟ.

"ಬರ್ರಿ, ಏನ ಬೇಕ್ರಿ?" ಎಂದರು.

ಹೇಳಲು ಬಾಯಿ ತೆರೆದೆ. "ಒಂದು ದಿಂಬು," ಎಂದೆ.

ಯಾವ ಊರು ಎಂದು ಕೇಳಿದಾಗ ಇಂಡಿ ಕಡೆ ಎಂದೆ, ಕಾಲೇಜಿನ ಹೆಸರೆತ್ತಲಿಲ್ಲ. ಬಗಲಿಗೆ ಮಲಗ್ತೀರೋ ಬೆನ್ನಿಗೆ ಮಲಗ್ತೀರೋ ಎಂದು ವಿಚಾರಿಸಿ, ಅದಕ್ಕೆ ತಕ್ಕಂತೆ ಅರಳೆ ತುಂಬಿ ಹೊಲಿದುಕೊಟ್ಟರು. ಬಗಲಲ್ಲಿ ದಿಂಬು ಇಟ್ಟುಕೊಂಡು ಬಸ್ಸಿನಲ್ಲಿ ಕುಳಿತಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಎರಡನೇ ಸಲ ಹೋದಾಗಲೂ ಹಾಗೇ, ಇನ್ನೊಂದು ದಿಂಬು ತಂದೆ. ಹೆಂಡತಿ ಎರಡೂ ದಿಂಬುಗಳನ್ನು ನೋಡಿ, ನನ್ನ ಮುಖ ನೋಡಿ, ಅವನ್ನು ಎತ್ತಿಕೊಂಡು ಒಳಗೆ ಹೋದಳು.

ಮೂರನೇ ಸಲ ನಾನು ಅಲ್ಲಿ ಕುಳಿತಿದ್ದಾಗ ಒಬ್ಬ ರೈತ ಬಂದ. ಹೆಂಡತಿಗೆ ಜ್ವರ, ಡಾಕ್ಟರರು ಬರೆದುಕೊಟ್ಟ ಸೂಜಿಯ ಮದ್ದು ಕೈಯಲ್ಲಿದೆ, ಮಾಡುವವರಿಲ್ಲ, ನೀವಾದರೂ ಬನ್ನಿ ಎಂದು ಕೈಮುಗಿದ. ಕಂಪೌಂಡರ್ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದರು.

"ನಾ ಅದನ್ನ ಬಿಟ್ಟೇನಪ್ಪಾ. ಬ್ಯಾರೇದವ್ರನ್ನ ನೋಡು."

ರೈತ ಹೋದ ಮೇಲೆ ಅವರು ಮತ್ತೆ ಗಾದಿಯ ಸೂಜಿ ಹಿಡಿದರು. ದಾರದ ತುದಿ ಮತ್ತೆ ಮತ್ತೆ ಸೂಜಿಯ ಕಣ್ಣು ತಪ್ಪಿ ಪಕ್ಕಕ್ಕೆ ಹೋಗುತ್ತಿತ್ತು. ನಾನು ಪೋಣಿಸಿಕೊಟ್ಟೆ. ಅಷ್ಟು ಮಾಡಿ, ಮೂರನೇ ದಿಂಬು ತೆಗೆದುಕೊಂಡು ಬಂದೆ.

ಮುಖ್ಯಸ್ಥರು ನಿವೃತ್ತರಾದರು. ಹೋಗುವ ಮುನ್ನ ನನ್ನ ಕಾಗದಕ್ಕೆ ಸಹಿ ಹಾಕಿದರು, ನಾನು ಕಾಯಂ ಆದೆ. ಧೈರ್ಯ ಬಂದದ್ದು ಅದಾದ ಮೇಲೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ. ಒಂದು ಭಾನುವಾರ ಬೆಳಗ್ಗೆ ಸಿಂದಗಿಯ ಭರಣಿಯನ್ನು ಟವೆಲಿನಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಮ್ಯೂಸಿಯಮ್ಮಿನ ವಸ್ತುವನ್ನು ಹಾಗೆ ಒಯ್ಯಬಾರದು. ಹಳ್ಳ ಬಂದಾಗಲೆಲ್ಲ ಚೀಲವನ್ನು ಎದೆಗವಚಿಕೊಳ್ಳುತ್ತಿದ್ದೆ.

"ಉಪ್ಪಿನಕಾಯಿ ಏನ್ರಿ?" ಎಂದು ಪಕ್ಕದ ಅಜ್ಜಿ ಕೇಳಿದಳು.

"ಹೌದ್ರಿ," ಎಂದೆ.

"ಮಾವಿನದೋ ನಿಂಬಿದೋ?"

ನಾನು ಕಿಟಕಿಯ ಕಡೆ ತಿರುಗಿ ಕುಳಿತೆ. ನಕ್ಕುಬಿಟ್ಟರೆ ಅಳು ಬರುತ್ತದೆಂದು ಭಯವಾಗಿತ್ತು.

ಅಂಗಡಿಯಲ್ಲಿ ಕಂಪೌಂಡರ್ ಒಬ್ಬರೇ ಇದ್ದರು. ಭರಣಿಯನ್ನು ಅವರ ಮುಂದಿಟ್ಟೆ. ನಾನು ಕಾಲೇಜಿನವನು, ಭರಣಿಗಳನ್ನು ಈಗ ಇನ್ನೊಮ್ಮೆ ನೋಡಿದ್ದೇವೆ, ಹಿಂದೆ ಕಾಲೇಜಿನವರಿಂದ ತಪ್ಪಾಗಿತ್ತು ಎಂದೆ. ಕಾಲೇಜಿನವರಿಂದ. ಅಷ್ಟು ದೂರ ಬಂದವನು ಅಲ್ಲಿಯೂ ಆ ಶಬ್ದದ ಹಿಂದೆ ಅಡಗಿಕೊಂಡೆ.

ಅವರು ಭರಣಿಯನ್ನು ಬಿಸಿಲಿಗೆ ಎತ್ತಿ ಹಿಡಿದು ತಿರುಗಿಸಿದರು.

"ಈ ಗಂಟು ನಂದ," ಎಂದರು. ಆಮೇಲೆ, "ಏನ ಇದು?"

"ಕಟ್ಟಾವ್ರಿ."

"ಕಟ್ಟಾವು?"

"ಹೌದ್ರಿ. ದಾರ ಕಟ್ಟಿದ್ದು ಕಟ್ಟಾವು. ಇನ್ನೊಂದು ಅದರ ಜೋಡಿ ಅಲ್ಲ."

"ಕಟ್ಟಾವು," ಎಂದು ಇನ್ನೊಮ್ಮೆ ಅಂದುಕೊಂಡು ಅವರು ಗಾದಿಯ ಮೇಲೆ ಕುಳಿತುಬಿಟ್ಟರು. "ನಿಮ್ಮ ಕಾಗದ ಬಂದಾಗ ನಾ ಮೊದಲ ನಕ್ಕಿದ್ನಿರಿ. ಆಕಿ ಕಣ್ಣು ನಾ ನೋಡಿದ್ದೆ. ಆಮ್ಯಾಲ ಮತ್ತ ಮತ್ತ ಓದಿದ್ನಿ. ಕಲ್ತವ್ರು ಬರದಾರ, ಕಾಲೇಜಿನವ್ರು ಸುಳ್ಳ ಯಾಕ ಬರೀತಾರು? ನಾನ ತಪ್ಪ ನೋಡಿರಬೇಕು ಅಂದ್ಕೊಂಡ್ನಿ. ಆಕೀನ್ನ ನಾನ ಕೊಂದೇನಿ ಅಂತ ನಂಬಿಬಿಟ್ನಿರಿ. ಮಂದಿ ಅಂದಿದ್ದು ಇರ್ಲಿ ಬಿಡ್ರಿ. ಏಳೆಂಟು ವರ್ಷ ನಾನ ನಂಬೇನಿ."

ಜನರ ಬಾಯಿಯಿಂದ ಅವರನ್ನು ಬಿಡಿಸುತ್ತೇನೆಂದು ಬಂದಿದ್ದೆ. ಅವರ ಸ್ವಂತ ಮನಸ್ಸಿನೊಳಗೆ ಅವರನ್ನು ಕೂಡಿಹಾಕಿದವನು ನಾನು ಎಂದು ಆಗ ತಿಳಿಯಿತು.

"ಬರದ ಕೊಡ್ರಿ," ಎಂದರು ಅವರು.

ಹಾಳೆ, ಪೆನ್ನು ತಂದಿದ್ದೆ. ಗಾದಿ ಅಳೆಯುವ ಹಲಗೆಯ ಮೇಲಿಟ್ಟು ಬರೆಯತೊಡಗಿದೆ. ಅವರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. "ತೋಳಹಾವು" ಎಂದು ಬರೆದೆ, "ಜೋಡಿ ಅಲ್ಲ" ಎಂದು ಬರೆದೆ. ಅವರು ತಟ್ಟನೆ ಒಳಗೆ ಹೋದರು. ಪೆಟ್ಟಿಗೆ ತೆರೆದ ಸದ್ದಾಯಿತು. ಮಡಿಕೆಗಳಲ್ಲಿ ಸವೆದುಹೋಗಿದ್ದ ಒಂದು ಕಾಗದ ತಂದು ನನ್ನ ಹಾಳೆಯ ಪಕ್ಕಕ್ಕಿಟ್ಟರು. ಅದರಲ್ಲೂ ತೋ, ಅದರಲ್ಲೂ ಜೋ, ಎರಡರ ಗೀಟೂ ಸಾಲಿನಿಂದ ಕೆಳಗಿಳಿದು ಸುತ್ತಿಕೊಂಡಿತ್ತು.

"ಎರಡೂ ನಿಮ್ಮ ಕೈ," ಎಂದರು.

"ಹೌದ್ರಿ. ಸಹಿ ನಮ್ಮ ಮುಖ್ಯಸ್ಥರದು. ನೋಡಿದಾಂವ ನಾನ, ಬರದಾಂವ ನಾನ."

"ತಪ್ಪ ಐತಿ ಅಂತ ಎಂದ ಗೊತ್ತಾತು?"

"ಎಂಟ ತಿಂಗಳಾತ್ರಿ."

ಅವರು ನನ್ನನ್ನು ನೋಡಿದರು. ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. "ಎಂಟ ತಿಂಗಳು," ಎಂದರು. "ಮೂರ ದಿಂಬು ಮಾಡಿಸ್ಕೊಂಡ ಹೋದ್ರಿ."

ನಾನು ಪೆನ್ನಿನ ಮುಚ್ಚಳ ಹಾಕಹೋದೆ.

"ಪೂರಾ ಬರೀರಿ. ನಾನ ನೋಡೇನಿ, ನಾನ ತಪ್ಪೇನಿ ಅಂತ ಬರೀರಿ."

ಬರೆದೆ. ನನ್ನ ಹೆಸರು ಹಾಕಿ ಸಹಿ ಮಾಡಿದೆ. ಅದು ಮುಗಿದ ಮೇಲೆ, ಹಳೆಯ ಕಾಗದವನ್ನು ಕೊಡಿ, ಹರಿದು ಒಗೆಯುತ್ತೇನೆ ಎಂದು ಕೈ ಚಾಚಿದೆ. ಅವರು ಅದನ್ನು ಹಿಂದಕ್ಕೆಳೆದುಕೊಂಡರು.

"ಹರೀಬ್ಯಾಡ್ರಿ. ಹೊಸಾದೊಂದ ತೋರಿಸಿದ್ರ ಮಂದಿ ನಾ ಬರಿಸ್ಕೊಂಡ ಬಂದೇನಿ ಅಂತಾರ. ಎರಡೂ ಒಂದ ಕೈಲೆ ಆಗ್ಯಾವಂತ ಕಾಣ್ಬೇಕು." ಎರಡನ್ನೂ ಒಂದರ ಮೇಲೊಂದಿಟ್ಟು ಮಡಚಿ, ಗಾದಿಯ ದಾರ ಸುತ್ತಿ ಅದೇ ಜೋಡುಗಂಟು ಹಾಕಿದರು. "ಇವು ಖರೇನ ಜೋಡಿ," ಎಂದರು.

ಆಮೇಲೆ ಅಂಗಡಿಯ ಹಲಗೆಗಳನ್ನು ಹಾಕತೊಡಗಿದರು. ಹೊತ್ತು ಇನ್ನೂ ಮಧ್ಯಾಹ್ನ. ನನ್ನ ಮರಳುವ ಬಸ್ಸಿಗೆ ಅರ್ಧ ತಾಸು ಇತ್ತು.

"ನಡೀರಿ," ಎಂದರು.

"ಎಲ್ಲಿಗ್ರಿ?"

"ಆಕಿ ಮನಿಗೆ. ಎರಡ ಹರದಾರಿ ಆಗ್ತೈತಿ. ಹುಳ ನೀವ ಹಿಡ್ಕೋರಿ."

ಬಸ್ಸು ತಪ್ಪುತ್ತದೆ ಎಂದು ಹೇಳಲಿಲ್ಲ. ತೊಗರಿ ಹೊಲಗಳ ನಡುವಿನ ಬಂಡಿದಾರಿಯಲ್ಲಿ ಅವರು ಮುಂದೆ, ಭರಣಿ ಹಿಡಿದು ನಾನು ಹಿಂದೆ. ಬೆವರಿಗೆ ಗಾಜು ಜಾರುತ್ತಿತ್ತು. ಎಷ್ಟೋ ಸಲ ಓಡಿಹೋಗಬೇಕು ಅನ್ನಿಸಿತು, ಆ ಬಯಲಿನಲ್ಲಿ ಓಡಲು ದಿಕ್ಕಿಗೇನೂ ಕೊರತೆಯಿರಲಿಲ್ಲ.

ಮನೆಯ ಕಟ್ಟೆಯ ಮೇಲೆ ಆಕೆಯ ಗಂಡ ಹಗ್ಗ ಹೊಸೆಯುತ್ತಿದ್ದ. ಕಂಪೌಂಡರರನ್ನು ಕಂಡು ಕೈ ನಿಲ್ಲಿಸಿದ, ಬಾ ಎನ್ನಲಿಲ್ಲ. ಹತ್ತು ಹನ್ನೊಂದರ ಮಗಳೊಬ್ಬಳು, ಅವಳಿಗಿಂತ ಚಿಕ್ಕ ತಂಗಿ ಬಾಗಿಲಿಗೆ ಬಂದು ನಿಂತರು. ಕಂಪೌಂಡರ್ ಅಂಗಳದಲ್ಲೇ ನಿಂತು ದಾರ ಬಿಚ್ಚಿ, ಎರಡೂ ಕಾಗದಗಳನ್ನು ನನ್ನ ಕೈಗೆ ಕೊಟ್ಟರು.

"ಯಾವ್ದು ಮೊದಲ ಓದ್ಲಿರಿ?" ಎಂದು ಮೆಲ್ಲಗೆ ಕೇಳಿದೆ.

"ಹಳೇದು."

ಭರಣಿಯನ್ನು ಕಟ್ಟೆಯ ಮೇಲಿಟ್ಟು ಓದತೊಡಗಿದೆ. ಜೋಡಿ ಎಂಬಲ್ಲಿಗೆ ಬಂದಾಗ ದನಿ ನಿಂತುಹೋಯಿತು. ಅವರು ನನ್ನ ಕಡೆ ನೋಡಲಿಲ್ಲ, ಬಾಗಿಲಲ್ಲಿದ್ದ ಆ ಮಕ್ಕಳನ್ನು ನೋಡುತ್ತಿದ್ದರು.

"ಓದ್ರಿ," ಎಂದರು.